ಹೊಳೆ ನಂಬಿ ಹುಟ್ಟಿದ ಪಾರ್ಕು, ಹೊಳೆಗೆ ಹೆದರಿ ಹೊರಟ ಪಾರ್ಕು

ಪ್ರಶ್ನೆ: ಮಗಳು ಅಳಿಯ ಅಮೆರಿಕದ ಓಹಾಯೊ ರಾಜ್ಯದ ಮೇಸನ್ ಎಂಬ ಊರಿನಲ್ಲಿದ್ದಾರೆ. ಹೋದ ಬೇಸಿಗೆಯಲ್ಲಿ ಅಲ್ಲಿನ ಕಿಂಗ್ಸ್ ಐಲ್ಯಾಂಡ್ ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದರು. ಅದರೊಳಗೆ ಒಂದು ಬೀದಿಗೆ 'ಕೋನಿ ಮಾಲ್' ಅಂತ ಹೆಸರು. ಮಗಳ ಪಕ್ಕದ ಮನೆಯ ಹಿರಿಯರೊಬ್ಬರು, "ಇದರ ಮೂಲ ಸಿನ್ಸಿನಾಟಿಯ ಹೊಳೆ ದಂಡೆಯಲ್ಲಿತ್ತು, ಅದರ ಆಸುಪಾಸಿನಲ್ಲಿ ಬೀಚುಗಳೂ ಇದ್ದವು, ಈಗ ಏನೂ ಇಲ್ಲ" ಎಂದರು. ಸಮುದ್ರವೇ ಇಲ್ಲದ ಕಡೆ ಬೀಚು ಎಲ್ಲಿಂದ ಬಂತು, ಆಮೇಲೆ ಎಲ್ಲಿಗೆ ಹೋಯಿತು? ಅಷ್ಟು ಹಳೆಯ ಪಾರ್ಕನ್ನು ಯಾಕೆ ಮುಚ್ಚಿದರು? ಮತ್ತೆ ಹೋದಾಗ ನೋಡುವಂಥದ್ದು ಏನಾದರೂ ಉಳಿದಿದೆಯೆ, ಹೊಳೆಗೆ ಇಳಿಯಬಹುದೆ? (ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಆ ಹಿರಿಯರು ಹೇಳಿದ್ದರಲ್ಲಿ ತಪ್ಪೇನಿಲ್ಲ ಮೇಡಂ. ನೀವು ಕಂಡ ಕಿಂಗ್ಸ್ ಐಲ್ಯಾಂಡ್ ಹುಟ್ಟಿದ್ದೇ ಓಹಾಯೊ ನದಿಯ ದಂಡೆಯಲ್ಲಿದ್ದ 'ಕೋನಿ ಐಲ್ಯಾಂಡ್' ಪಾರ್ಕಿನಿಂದ. ಹೆಸರು ನ್ಯೂಯಾರ್ಕಿನ ಸಮುದ್ರ ತೀರದ ಪ್ರಸಿದ್ಧ ಕೋನಿ ಐಲ್ಯಾಂಡಿನಿಂದ ಎರವಲು ತಂದದ್ದು. ಸಿನ್ಸಿನಾಟಿಯದು ದ್ವೀಪವೂ ಅಲ್ಲ, ಅಲ್ಲಿ ಕಡಲೂ ಇಲ್ಲ. ಆದರೆ ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ, ಅದು ನದಿಯಲ್ಲಿ. ಪಾರ್ಕು ಹೊಳೆಯಿಂದ ಬದುಕಿತು. ಹೊಳೆಯ ಕಾಟ ತಾಳದೆ ಒಂದೊಂದೇ ಹೆಜ್ಜೆ ಅದರಿಂದ ದೂರ ಸರಿಯುತ್ತಾ ಹೋಗಿ ಕೊನೆಗೆ ಗುಡ್ಡದ ಮೇಲಿನ ನಿಮ್ಮ ಮಗಳ ಊರಿಗೆ ಬಂದು ಸೇರಿತು.

ಶುರುವಾದದ್ದು ಒಂದು ಸೇಬಿನ ತೋಟದಿಂದ. ಸಿನ್ಸಿನಾಟಿ ಪೇಟೆಯಿಂದ ನದಿಯಲ್ಲಿ ಸುಮಾರು 10 ಮೈಲಿ ಮೇಲಕ್ಕೆ ಜೇಮ್ಸ್ ಪಾರ್ಕರ್ ಎಂಬ ರೈತನ ತೋಟವಿತ್ತು. ಮರದ ನೆರಳಲ್ಲಿ ಕೂತು ಊಟ ಮಾಡಿಕೊಂಡು ಹೋಗಲು ಜಾಗ ಬಾಡಿಗೆಗೆ ಸಿಗುತ್ತದೆಯೇ ಎಂದು ಪೇಟೆಯ ಜನ ಕೇಳತೊಡಗಿದರು. ಸೇಬು ಮಾರುವುದಕ್ಕಿಂತ ನೆರಳು ಮಾರುವುದೇ ಲಾಭ ಎಂದು ಪಾರ್ಕರ್‌ಗೆ ಹೊಳೆಯಿತು. 1870ರಲ್ಲಿ 'ಪಾರ್ಕರ್ಸ್ ಗ್ರೋವ್' ಎಂದು ಹೆಸರಿಟ್ಟು ಊಟದ ಚಪ್ಪರ, ಕುಣಿತದ ಮನೆ, ಹೇಸರಗತ್ತೆ ಎಳೆಯುವ ಒಂದು ಮೆರ್ರಿ-ಗೋ-ರೌಂಡು ಹಾಕಿದ. 1886ರಲ್ಲಿ ಜಾಗ ಹಡಗಿನವರ ಕೈಗೆ ಬಂತು. ಹೊಸ ಕಂಪನಿಯ ಮುಂದಾಳುಗಳು ಸ್ಟೀಮರ್ ಕ್ಯಾಪ್ಟನ್‌ಗಳು. ಅವರು 'ಓಹಾಯೊ ಗ್ರೋವ್, ಪಶ್ಚಿಮದ ಕೋನಿ ಐಲ್ಯಾಂಡ್' ಎಂದು ಜಾಹೀರಾತು ಮಾಡಿದರು. ಮರುವರ್ಷದ ಹೊತ್ತಿಗೆ ಉದ್ದ ಹೆಸರು ಬಿದ್ದುಹೋಗಿ ಬರೀ ಕೋನಿ ಐಲ್ಯಾಂಡ್ ಉಳಿಯಿತು.

ಕ್ಯಾಪ್ಟನ್‌ಗಳಿಗೆ ಪಾರ್ಕು ಯಾಕೆ ಬೇಕಿತ್ತು ಎಂಬುದೇ ಇಲ್ಲಿನ ಗುಟ್ಟು. ಆ ಹೊತ್ತಿಗೆ ಸರಕನ್ನೂ ಪ್ರಯಾಣಿಕರನ್ನೂ ರೈಲು ಕಿತ್ತುಕೊಳ್ಳುತ್ತಿತ್ತು. ದೊಡ್ಡ ದೊಡ್ಡ ಹಡಗುಗಳಿಗೆ ಹೊಟ್ಟೆಪಾಡಾಗಬೇಕಾದರೆ ಜನ ಎಲ್ಲಿಗಾದರೂ ಹೋಗಬೇಕು. ಹೋಗಲು ಕಾರಣವಿಲ್ಲದಿದ್ದರೆ ಕಾರಣವನ್ನೇ ಕಟ್ಟಬೇಕು. ಆ ಕಾಲದ ಅಮೆರಿಕದಲ್ಲಿ ಟ್ರ್ಯಾಮ್ ಕಂಪನಿಗಳು ಹಳಿಯ ಕೊನೆಯಲ್ಲಿ ಪಾರ್ಕು ಮಾಡಿ ಭಾನುವಾರದ ಟಿಕೆಟ್ ಮಾರುತ್ತಿದ್ದವು. ಇಲ್ಲಿ ಅದೇ ಕೆಲಸವನ್ನು ಹಡಗಿನವರು ಮಾಡಿದರು. 1896ರಲ್ಲಿ 'ಐಲ್ಯಾಂಡ್ ಕ್ವೀನ್' ಎಂಬ ಸ್ಟೀಮರ್ ಬಂತು. 1922ರಲ್ಲಿ ಅದು ಸಿನ್ಸಿನಾಟಿಯ ಕಟ್ಟೆಯಲ್ಲೇ ಸುಟ್ಟುಹೋಯಿತು. 1925ರಲ್ಲಿ ಅದೇ ಹೆಸರಿನ ಇನ್ನೊಂದನ್ನು ಇಳಿಸಿದರು. ಐದು ಅಂತಸ್ತು, ಸುಮಾರು 4,000 ಜನ ಹಿಡಿಸುವ ಹಡಗು. ಮೇಲಂತಸ್ತಿನಲ್ಲಿ ಬಾಯ್ಲರಿನ ಹಬೆಯನ್ನೇ ಊದಿ ನುಡಿಸುವ 'ಕ್ಯಾಲಿಯೋಪಿ' ವಾದ್ಯ. ಅದರ ಸದ್ದು ಮೈಲಿಗಟ್ಟಲೆ ಕೇಳುತ್ತಿತ್ತು, ಅದೇ ಪುಕ್ಕಟೆ ಜಾಹೀರಾತು. ಪಾರ್ಕಿಗೆ ಹೋದವರಿಗೆ ದಾರಿಯೇ ಅರ್ಧ ಮಜಾ.

ಇನ್ನು ಬೀಚು. ಇದಕ್ಕೆ ಓಹಾಯೊ ನದಿಯ ಸ್ವಭಾವ ತಿಳಿಯಬೇಕು, ಅದು ನಮ್ಮ ಕಾವೇರಿಗೆ ತಿರುವುಮುರುವು. ಕಾವೇರಿಗೆ ಆಷಾಢ ಶ್ರಾವಣದಲ್ಲಿ ನೀರೇರಿದರೆ ಬೇಸಿಗೆಯಲ್ಲಿ ಬಂಡೆ ಕಾಣುತ್ತದೆ. ಓಹಾಯೊಗೆ ನೆರೆ ಬರುವುದು ಹೆಚ್ಚಾಗಿ ಜನವರಿಯಿಂದ ಮಾರ್ಚಿನ ಒಳಗೆ. ಎಲೆ ಉದುರಿದ ಮರಗಳು ನೀರು ಕುಡಿಯುವುದಿಲ್ಲ, ನೆಲ ಹೆಪ್ಪುಗಟ್ಟಿರುತ್ತದೆ ಇಲ್ಲವೇ ಆಗಲೇ ತೊಯ್ದು ತೊಪ್ಪೆಯಾಗಿರುತ್ತದೆ. ಅದರ ಮೇಲೆ ಮಳೆ ಬಿದ್ದು ಹಿಮವೂ ಕರಗಿದರೆ ಅಷ್ಟೂ ಹೊಳೆಗೇ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಉಲ್ಟಾ: ಬಿಸಿಲು, ಹಸಿರು ಕಾಡಿನ ಬಾಯಾರಿಕೆ, ಹೊಳೆ ಸೊರಗುತ್ತದೆ. ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಎಷ್ಟು ಸೊರಗುತ್ತಿತ್ತು ಎಂದರೆ, 1881ರ ಸೆಪ್ಟೆಂಬರಿನಲ್ಲಿ ಸಿನ್ಸಿನಾಟಿಯ ಅಳತೆಗೋಲು ಎರಡು ಅಡಿಯನ್ನೂ ತೋರಿಸಲಿಲ್ಲ. ಅದೇ ಗೋಲು 1937ರ ಜನವರಿಯಲ್ಲಿ 79.99 ಅಡಿ ತೋರಿಸಿತು. ಒಂದೇ ಹೊಳೆ, ಒಂದೇ ಕಟ್ಟೆ.

ಅಂದರೆ ಜನಕ್ಕೆ ಸೆಕೆಯಾಗಿ ನೀರು ಬೇಕೆನಿಸುವ ತಿಂಗಳುಗಳಲ್ಲೇ ಹೊಳೆ ಇಳಿದು ಮರಳ ದಿಣ್ಣೆಗಳು ಬಯಲಾಗುತ್ತಿದ್ದವು. ಹೊಳೆ ತಿರುಗುವ ಕಡೆ ಹೊರಮಗ್ಗುಲಲ್ಲಿ ಸೆಳವು ಜೋರು, ಅದು ದಡ ಕೊರೆಯುತ್ತದೆ. ಒಳಮಗ್ಗುಲಲ್ಲಿ ನೀರು ನಿಧಾನ, ಅಲ್ಲಿ ಮರಳು ಕೂರುತ್ತದೆ. ಸಿನ್ಸಿನಾಟಿಯ ಎದುರು ದಡದಲ್ಲಿ, ಕೆಂಟಕಿ ರಾಜ್ಯದ ಬೆಲ್‌ವ್ಯೂ ಮತ್ತು ಡೇಟನ್ ಎಂಬ ಎರಡು ಸಣ್ಣ ಊರುಗಳು ಕೂತಿರುವುದು ಅಂಥದೊಂದು ತಿರುವಿನ ಒಳಮಗ್ಗುಲಲ್ಲಿ. (ಈ ಡೇಟನ್ ಬೇರೆ, ರೈಟ್ ಸಹೋದರರ ಓಹಾಯೊದ ಡೇಟನ್ ಬೇರೆ. ಗೂಗಲ್ ಮ್ಯಾಪಿನಲ್ಲಿ ಹುಡುಕುವಾಗ ಎಚ್ಚರ.) ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಲ್ಲಿ ಸಾಲಾಗಿ ಬೀಚುಗಳು ನಡೆಯುತ್ತಿದ್ದವು. ಕ್ವೀನ್ ಸಿಟಿ ಬೀಚ್, ಮ್ಯಾನ್‌ಹಟನ್ ಬೀಚ್ ಎಂದೆಲ್ಲ ಜಂಬದ ಹೆಸರುಗಳು. ಬಟ್ಟೆ ಬದಲಿಸಲು ಮರದ ಕೋಣೆಗಳು, ಬಾಡಿಗೆಗೆ ಉಣ್ಣೆಯ ಈಜುಡುಗೆ. ಒದ್ದೆಯಾದರೆ ಕಲ್ಲಿನಷ್ಟು ಭಾರವಾಗುತ್ತಿದ್ದ ಆ ಉಡುಗೆಯಲ್ಲಿ ಹೆಂಗಸರು ಹೇಗೆ ಈಜಿದರೋ ಎಂದು ಹಳೆಯ ಫೋಟೋ ನೋಡಿದಾಗಲೆಲ್ಲ ಅನಿಸುತ್ತದೆ. ಹೆಚ್ಚಿನವರು ಈಜಲೂ ಇಲ್ಲ ಬಿಡಿ, ಮೊಣಕಾಲು ಮುಳುಗುವಷ್ಟು ನೀರಲ್ಲಿ ನಿಂತು ನಗುತ್ತಿದ್ದರು.

ಈ ಬೀಚುಗಳನ್ನು ಕೊಂದದ್ದು ಎರಡು. ಮೊದಲನೆಯದು ಕಲ್ಲಿದ್ದಲು. ಪಿಟ್ಸ್‌ಬರ್ಗ್ ಕಡೆಯ ಕಲ್ಲಿದ್ದಲು ಹೊರುವ ಬಾರ್ಜುಗಳು, ಅಂದರೆ ಚಪ್ಪಟೆ ತಳದ ಸರಕು ದೋಣಿಗಳು, ಬೇಸಿಗೆಯಲ್ಲಿ ನೀರಿಲ್ಲದೆ ತಿಂಗಳುಗಟ್ಟಲೆ ನಿಂತುಬಿಡುತ್ತಿದ್ದವು. ವರ್ಷವಿಡೀ ಕನಿಷ್ಠ 9 ಅಡಿ ಆಳ ಇರಲೇಬೇಕು ಎಂದು ಕೇಂದ್ರ ಸರ್ಕಾರ ನದಿಯುದ್ದಕ್ಕೂ ಸುಮಾರು 50 ಅಣೆಕಟ್ಟು ಮತ್ತು ಲಾಕ್‌ಗಳನ್ನು (ಹಡಗನ್ನು ಕಟ್ಟೆಯ ಒಂದು ಕಡೆಯ ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ತೊಟ್ಟಿಗಳು) ಕಟ್ಟಿಸಿತು. ಈ ಅಣೆಕಟ್ಟುಗಳ ಮಾದರಿ ನೋಡುವಂಥದ್ದು. ನದಿಯ ತಳದಲ್ಲಿ ಸಾಲಾಗಿ ಮಲಗಿಸಿದ ದಪ್ಪ ಮರದ ಹಲಗೆಗಳು. ನೀರು ಹೆಚ್ಚಿದ್ದಾಗ ಅವು ಮಲಗೇ ಇರುತ್ತವೆ, ಹಡಗು ಮೇಲೆಯೇ ಹಾದುಹೋಗುತ್ತದೆ. ನೀರು ಇಳಿದಾಗ ದೋಣಿಯಲ್ಲಿ ಬಂದ ಕೆಲಸಗಾರರು ಕೊಕ್ಕೆ ಹಾಕಿ ಒಂದೊಂದೇ ಹಲಗೆಯನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಗೋಡೆ ಎದ್ದಂತಾಗಿ ಹಿಂದೆ ನೀರು ನಿಲ್ಲುತ್ತದೆ. ಸಿನ್ಸಿನಾಟಿಯ ಕೆಳಗೆ ಫರ್ನ್‌ಬ್ಯಾಂಕ್ ಎಂಬಲ್ಲಿ 1911ರಲ್ಲಿ ಇಂಥದೊಂದು ಕಟ್ಟೆ ಮುಗಿಯಿತು. ಇಡೀ ಯೋಜನೆ 1929ರಲ್ಲಿ ಪೂರ್ಣಗೊಂಡಾಗ ಅಧ್ಯಕ್ಷ ಹೂವರ್ ಅವರೇ ಸಿನ್ಸಿನಾಟಿಗೆ ಬಂದು ಈಡನ್ ಪಾರ್ಕಿನ ಸ್ಮಾರಕ ಕಂಬದ ಹತ್ತಿರ ಸಮಾರಂಭ ನಡೆಸಿದರು. ಅದು ಅಕ್ಟೋಬರ್ ತಿಂಗಳು. ಒಂದು ವಾರದಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿದುಬಿತ್ತು, ಪಾಪ, ಆ ಸಮಾರಂಭ ಯಾರಿಗೂ ನೆನಪುಳಿಯಲಿಲ್ಲ.

ಬಾರ್ಜಿಗೆ ಅನುಕೂಲವಾದದ್ದು ಬೀಚಿಗೆ ಮುಳುವಾಯಿತು. ಬೇಸಿಗೆಯಲ್ಲಿ ಬಯಲಾಗಬೇಕಿದ್ದ ದಿಣ್ಣೆ ಈಗ ಬೇಸಿಗೆಯಲ್ಲೂ ಹಿನ್ನೀರಿನ ಕೆಳಗೆ. ಅಳಿದುಳಿದದ್ದನ್ನು ಸುಮಾರು 60 ಮೈಲಿ ಕೆಳಗಿನ ಮಾರ್ಕ್‌ಲ್ಯಾಂಡ್ ಅಣೆಕಟ್ಟು ಮುಗಿಸಿತು. ಅದು ಪೂರ್ಣವಾದದ್ದು 1964ರಲ್ಲಿ. ಅದರ ಹಿನ್ನೀರು ಸಿನ್ಸಿನಾಟಿಯನ್ನೂ ದಾಟಿ ಮೇಲೆ ಹೋಗುತ್ತದೆ. ಇವತ್ತು ನೀವು ಕಾಣುವ ತುಂಬು ಹೊಳೆ ನಿಜಕ್ಕೂ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದ ಕೆರೆಗಳ ಸಾಲು.

ಎರಡನೆಯದು ಕೊಳಚೆ. ಪಿಟ್ಸ್‌ಬರ್ಗಿನಿಂದ ಹಿಡಿದು ದಂಡೆಯ ಊರೂರಿನ ಚರಂಡಿಯೂ ನೇರ ಹೊಳೆಗೆ ಬೀಳುತ್ತಿತ್ತು. ಸಿನ್ಸಿನಾಟಿ ಅದೇ ನೀರನ್ನು ಸೋಸದೆ ಕುಡಿಯುತ್ತಿತ್ತು, ಟೈಫಾಯ್ಡ್ ಅಲ್ಲಿ ಮನೆಮಾತು. 1907ರಲ್ಲಿ ಕ್ಯಾಲಿಫೋರ್ನಿಯಾ ಎಂಬ ದಂಡೆಯ ಹಳ್ಳಿಯಲ್ಲಿ ಮರಳಿನ ಮೂಲಕ ನೀರು ಸೋಸುವ ಘಟಕ ಶುರುವಾಯಿತು. ಟೈಫಾಯ್ಡ್ ಸಾವುಗಳು ಕೆಲವೇ ವರ್ಷಗಳಲ್ಲಿ ಸರ್ರನೆ ಇಳಿದವು. ಆ ಘಟಕ ಇರುವುದು ಕೋನಿ ಐಲ್ಯಾಂಡಿನ ನೆರೆಯಲ್ಲೇ. ಕುಡಿಯುವ ನೀರೇನೋ ಸೋಸಿ ಬಂತು, ಹೊಳೆ ಮಾತ್ರ ಹಾಗೇ ಉಳಿಯಿತು. ಮುಂದೆ 1948ರ ಜೂನ್ 30ರಂದು ಎಂಟು ರಾಜ್ಯಗಳು ಸಿನ್ಸಿನಾಟಿಯಲ್ಲಿ ಕೂತು ಓಹಾಯೊ ನದಿಯ ಮಾಲಿನ್ಯ ತಡೆಯುವ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆಯೇ ದಂಡೆಯ ಊರುಗಳು ಒಂದೊಂದಾಗಿ ಶುದ್ಧೀಕರಣ ಘಟಕ ಕಟ್ಟಿದ್ದು. ಅಷ್ಟರಲ್ಲಿ ಒಂದು ತಲೆಮಾರು ಹೊಳೆಗೆ ಇಳಿಯುವುದನ್ನೇ ಬಿಟ್ಟಿತ್ತು.

ಕೋನಿ ಐಲ್ಯಾಂಡಿನ ಮಾಲೀಕರು ಈ ಗಾಳಿ ಎತ್ತ ಬೀಸುತ್ತಿದೆ ಎಂದು ಬೇಗ ಕಂಡುಕೊಂಡರು. 1924ರಲ್ಲಿ ಪಾರ್ಕು ಹೊಸ ಕೈಗೆ ಬಂತು, 1925ರಲ್ಲಿ 'ಸನ್‌ಲೈಟ್ ಪೂಲ್' ತೆರೆಯಿತು. ಉದ್ದ 401 ಅಡಿ, ಅಗಲ 200 ಅಡಿ. ನಿಮ್ಮ ಶಾಲೆಯ ಆಟದ ಮೈದಾನದ ಮೇಲೆ ಹಾಸಿದರೆ ಮೈದಾನವೇ ಸಾಲದೇನೋ. ಅದರಲ್ಲಿ 30 ಲಕ್ಷ ಗ್ಯಾಲನ್‌ಗೂ ಹೆಚ್ಚು ನೀರು, ಅಂದರೆ ಒಂದು ಕೋಟಿ ಲೀಟರಿಗೂ ಮೇಲೆ. ನೀರನ್ನು ಹೊರಗೆ ಬಿಡದೆ ಸೋಸಿ ಮತ್ತೆ ತುಂಬುವ ವ್ಯವಸ್ಥೆಯ ಕೊಳಗಳಲ್ಲಿ ಇದು ಜಗತ್ತಿನಲ್ಲೇ ದೊಡ್ಡದು ಎಂದು ಪಾರ್ಕಿನವರು ಕೊನೆಯವರೆಗೂ ಹೇಳಿಕೊಂಡರು. ಅಂಥ ಹೆಗ್ಗಳಿಕೆಗಳನ್ನು ಒಂದಿಷ್ಟು ಉಪ್ಪು ಸೇರಿಸಿಯೇ ಕೇಳಬೇಕು. ಆದರೆ ದೊಡ್ಡದಂತೂ ಹೌದು. ಬಹುಪಾಲು ಜಾಗದಲ್ಲಿ ನೀರು ಸೊಂಟದ ಆಸುಪಾಸು. ಇದನ್ನು ನಾನು ಈಜುಕೊಳ ಅನ್ನುವುದಿಲ್ಲ, ಸಿಮೆಂಟಿನಲ್ಲಿ ಎರಕ ಹೊಯ್ದ ಬೀಚು ಅನ್ನುತ್ತೇನೆ. ಜನ ಬೀಚಿನಲ್ಲಿ ಮಾಡುವುದನ್ನೇ ಅಲ್ಲೂ ಮಾಡಿದರು: ನಿಂತರು, ಹರಟಿದರು, ಮಕ್ಕಳನ್ನು ಆಡಿಸಿದರು, ದಡದಲ್ಲಿ ಬಿಸಿಲು ಕಾಯಿಸಿದರು. ಹೊಳೆ ಪಕ್ಕದಲ್ಲೇ ಹರಿಯುತ್ತಿತ್ತು, ಯಾರೂ ಅತ್ತ ತಿರುಗಲಿಲ್ಲ.

ಅದೇ ವರ್ಷ 'ಮೂನ್‌ಲೈಟ್ ಗಾರ್ಡನ್ಸ್' ಎಂಬ ಬಯಲು ನೃತ್ಯಾಂಗಣವೂ ಬಂತು, ಬೆನ್ನಿಗೇ ಮರದ ರೋಲರ್ ಕೋಸ್ಟರ್‌ಗಳು. ಪಕ್ಕದಲ್ಲಿ ಕುದುರೆ ರೇಸಿನ ಮೈದಾನ. 1926ರಲ್ಲಿ ಫಿಲಡೆಲ್ಫಿಯಾದ ಕಂಪನಿಯೊಂದು ಕೆತ್ತಿಕೊಟ್ಟ ಮೆರ್ರಿ-ಗೋ-ರೌಂಡು. ಇವುಗಳ ಪಟ್ಟಿ ಬೇಕಾದರೆ ಎಲ್ಲಿ ಬೇಕಾದರೂ ಸಿಗುತ್ತದೆ, ನಾನು ಕೊಳದ ಬಗ್ಗೆಯೇ ಇನ್ನೊಂದು ಮಾತು ಹೇಳಬೇಕು.

ಕೊಳಕ್ಕೆ ಬೇಲಿ ಇತ್ತು, ಬೇಲಿಗೆ ಬಾಗಿಲು, ಬಾಗಿಲಲ್ಲಿ ಟಿಕೆಟ್ಟಿನವನು. ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬುದು ಅವನ ಕೈಲಿ. 1920ರ ದಶಕದಲ್ಲಿ ಅಮೆರಿಕದ ಕೊಳಗಳಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಈಜುವುದು ಶುರುವಾದಂತೆ, ಉತ್ತರದ ರಾಜ್ಯಗಳಲ್ಲೂ ಕಪ್ಪು ಜನರನ್ನು ಹೊರಗಿಡುವುದು ಬಿಗಿಯಾಯಿತು. ನದಿ ಸರೋವರಗಳ ಬೀಚಿನಲ್ಲಿ ಈ ಭೇದ ಇರಲಿಲ್ಲವೆಂದಲ್ಲ. 1919ರ ಜುಲೈನಲ್ಲಿ ಷಿಕಾಗೋದ ಸರೋವರದಲ್ಲಿ ಯೂಜೀನ್ ವಿಲಿಯಮ್ಸ್ ಎಂಬ ಕಪ್ಪು ಹುಡುಗ ತೇಲುತ್ತಾ ಕಾಣದ ಗೆರೆಯೊಂದನ್ನು ದಾಟಿದ ಎಂದು ಬಿಳಿಯನೊಬ್ಬ ಕಲ್ಲು ಬೀರಿದ. ಹುಡುಗ ಮುಳುಗಿ ಸತ್ತ, ಊರು ಒಂದು ವಾರ ಹೊತ್ತಿ ಉರಿಯಿತು. ಆದರೆ ನೀರಿನ ಮೇಲೆ ಗೆರೆ ಎಳೆಯಲು ಕಲ್ಲು ಬೀರಬೇಕಾಯಿತು, ಸಿಮೆಂಟಿನ ಕೊಳಕ್ಕೆ ಒಂದು ಗೇಟು ಸಾಕಾಯಿತು. ಕೋನಿ ಐಲ್ಯಾಂಡ್ ಇಡೀ ಪಾರ್ಕಿಗೇ ಆ ಗೇಟು ಹಾಕಿತ್ತು. ದಶಕಗಳ ಕಾಲ ಅಲ್ಲಿ ಬಿಳಿಯರಿಗೆ ಮಾತ್ರ ಪ್ರವೇಶ.

1952ರಲ್ಲಿ ಮೆರಿಯನ್ ಸ್ಪೆನ್ಸರ್ ಎಂಬ ತಾಯಿಯ ಇಬ್ಬರು ಗಂಡುಮಕ್ಕಳು ಪಾರ್ಕಿನ ಜಾಹೀರಾತು ಕೇಳಿ ಹೋಗೋಣ ಎಂದು ಹಠ ಹಿಡಿದರು. ಮಕ್ಕಳೆಲ್ಲರೂ ಬನ್ನಿ ಎಂದು ಜಾಹೀರಾತು ಕರೆದಿತ್ತು. ಆಕೆ ಪಾರ್ಕಿಗೆ ಫೋನ್ ಮಾಡಿ, ಎಲ್ಲ ಮಕ್ಕಳೂ ಬರಬಹುದೇ ಎಂದು ಕೇಳಿದರು. ಹೌದು ಎಂಬ ಉತ್ತರ ಬಂತು. ನಾವು ಕಪ್ಪು ಜನ ಎಂದರು. ಹಾಗಾದರೆ ಆಗುವುದಿಲ್ಲ ಎಂಬ ಉತ್ತರ ಬಂತು. ಆ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನವೇ, ಆಕೆ ಗೇಟಿಗೆ ಹೋದರು. ಕಾವಲುಗಾರ ಒಳಗೆ ಬಿಡಲಿಲ್ಲ. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆಯ ಬಲದಿಂದ ಆಕೆ ಕೋರ್ಟಿಗೆ ಹೋದರು. ಬಿಳಿಯ ಪಾದ್ರಿಗಳೂ ಶಾಂತಿವಾದಿಗಳೂ ಸೇರಿ ಗೇಟಿನ ಮುಂದೆ ಧರಣಿ ಕೂತರು, ಕೆಲವರು ಜೈಲಿಗೂ ಹೋದರು. 1955ರಲ್ಲಿ ಪಾರ್ಕು ಎಲ್ಲರಿಗೂ ತೆರೆಯಿತು.

ಆದರೆ ಎಲ್ಲ ಭಾಗವೂ ಅಲ್ಲ. ರೋಲರ್ ಕೋಸ್ಟರ್‌ನಲ್ಲಿ ಪಕ್ಕ ಪಕ್ಕ ಕೂರಬಹುದು, ಸನ್‌ಲೈಟ್ ಪೂಲಿಗೂ ಮೂನ್‌ಲೈಟ್ ಗಾರ್ಡನ್ಸಿಗೂ ಮಾತ್ರ ಬರುವಂತಿಲ್ಲ. ನೀರು ಮತ್ತು ನೃತ್ಯ, ಎರಡೂ ಮೈಗೆ ಮೈ ತಾಗುವ ಜಾಗಗಳು. ಬಾವಿ ಕೆರೆಗಳ ನೀರು ಮುಟ್ಟುವ ಹಕ್ಕಿಗಾಗಿ ನಡೆದ ಹೋರಾಟಗಳನ್ನು ತರಗತಿಯಲ್ಲಿ ಪಾಠ ಮಾಡಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಎರಡೂ ಬಾಗಿಲು ತೆರೆದದ್ದು 1961ರಲ್ಲಿ. ಗೇಟಿನಿಂದ ವಾಪಸು ಬಂದ ಆ ತಾಯಿ 1983ರಲ್ಲಿ ಸಿನ್ಸಿನಾಟಿ ನಗರಸಭೆಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ. 2019ರಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪೇಟೆಯ ಹೊಳೆದಂಡೆಯ ಸ್ಮೇಲ್ ಪಾರ್ಕಿನಲ್ಲಿ ಮಕ್ಕಳ ಕೈ ಹಿಡಿದು ನಿಂತ ಅವರ ಪ್ರತಿಮೆಯಿದೆ. ಕೋನಿ ಐಲ್ಯಾಂಡಿನ ಚರಿತ್ರೆಯನ್ನು ಬರೀ ಹತ್ತಿಮಿಠಾಯಿಯ ಸಿಹಿಯಾಗಿ ಹೇಳುವವರು ಈ ಭಾಗವನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ಅದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ಮುಚ್ಚಿದ್ದೇಕೆ ಎಂಬ ಪ್ರಶ್ನೆಗೆ ಬರೋಣ. ಪಾರ್ಕು ಇದ್ದದ್ದು ಲಿಟಲ್ ಮಯಾಮಿ ಎಂಬ ಉಪನದಿ ಓಹಾಯೊಗೆ ಸೇರುವ ಜಾಗಕ್ಕೆ ಹತ್ತಿರದ ತಗ್ಗಿನಲ್ಲಿ. ಸಿನ್ಸಿನಾಟಿಯಲ್ಲಿ ನೀರು 52 ಅಡಿ ಮುಟ್ಟಿದರೆ ನೆರೆ ಎಂದು ಲೆಕ್ಕ. 1884ರ ಫೆಬ್ರುವರಿಯಲ್ಲಿ 71 ಅಡಿ ದಾಟಿತ್ತು. ಅದಾಗಿ ಎರಡೇ ವರ್ಷಕ್ಕೆ, ಆ ಕೆಸರಿನ ಗುರುತು ಗೋಡೆಗಳ ಮೇಲೆ ಮಾಸುವ ಮುಂಚೆ ಕ್ಯಾಪ್ಟನ್‌ಗಳು ಇಲ್ಲಿ ಪಾರ್ಕು ತೆರೆದಿದ್ದರು. ತಿಳಿಯದೆ ಮಾಡಿದ್ದಲ್ಲ. ಹಡಗು ನಿಲ್ಲಲು ಹೊಳೆಯ ಅಂಚೇ ಬೇಕು, ಹೊಳೆಯ ಅಂಚು ಎಂದರೆ ನೆರೆಯ ದಾರಿ. ಅವರ ಲೆಕ್ಕಾಚಾರ ಹೀಗಿತ್ತು: ಪಾರ್ಕು ನಡೆಯುವುದು ಮೇ ಕೊನೆಯಿಂದ ಸೆಪ್ಟೆಂಬರ್ ಆರಂಭದವರೆಗೆ, ನೆರೆ ಬರುವುದು ಚಳಿಗಾಲದಲ್ಲಿ. ಮುಚ್ಚಿದ ಅಂಗಡಿಗೆ ನೀರು ನುಗ್ಗಿ ಹೋಗುತ್ತದೆ, ತೊಳೆದು ಬಣ್ಣ ಬಳಿದು ಮೇನಲ್ಲಿ ಮತ್ತೆ ತೆರೆದರಾಯಿತು. ಈ ಲೆಕ್ಕ ಎಂಬತ್ತು ವರ್ಷ ನಡೆಯಿತು ಎಂದರೆ ಅದು ಮೂರ್ಖರ ಲೆಕ್ಕವೇನೂ ಅಲ್ಲ.

ಆದರೆ ತೊಳೆಯುವುದು ಎಂದರೆ ಏನು ಎಂದು ಊಹಿಸಿಕೊಳ್ಳಿ. ನೆರೆ ಇಳಿದ ಮೇಲೆ ನೀರಿಗಿಂತ ದೊಡ್ಡ ಪೀಡೆ ಹೂಳು. ಓಹಾಯೊದ ಹೂಳು ನಯವಾದ ಕಂದು ಗೋಡು, ಹಸಿಯಿದ್ದಾಗ ಸಾಬೂನಿನ ಹಾಗೆ ಜಾರುತ್ತದೆ, ಒಣಗಿದರೆ ಹಾರೆ ಬೇಕು. ಅದು ಮೋಟಾರಿನ ಬೇರಿಂಗಿಗೂ ಹೋಗುತ್ತದೆ, ವೈರಿಂಗ್ ಕೊಳವೆಗೂ ಹೋಗುತ್ತದೆ. ಇಡೀ ಪಾರ್ಕಿನಲ್ಲಿ ತಗ್ಗಿನ ಜಾಗ ಯಾವುದು? ಕೊಳ. ಹಾಗಾಗಿ ಹೂಳೆಲ್ಲ ಅಲ್ಲಿ. ಅದನ್ನು ಬೇಗ ಖಾಲಿ ಮಾಡೋಣ ಎಂದರೆ ಇನ್ನೊಂದು ಸಂಕಟ: ಸುತ್ತಲಿನ ನೆಲದೊಳಗೆ ನೀರಿನ ಮಟ್ಟ ಮೇಲಿರುವಾಗ ಕೊಳವನ್ನು ಬರಿದು ಮಾಡಿದರೆ, ಕೆಳಗಿನ ನೀರಿನ ಒತ್ತಡಕ್ಕೆ ಸಿಮೆಂಟಿನ ತಳವೇ ಉಬ್ಬಿ ಬಿರಿಯುತ್ತದೆ. ಹೊಳೆ ಇಳಿದು ನೆಲದ ನೀರೂ ಇಳಿಯುವವರೆಗೆ ಕಾಯಬೇಕು, ಮೇ ತಿಂಗಳು ಮಾತ್ರ ಕಾಯುವುದಿಲ್ಲ.

1937ರ ಜನವರಿಯದು ಎಲ್ಲ ನೆರೆಗಳ ತಾಯಿ. ಜನವರಿ 26ರಂದು ನೀರು 79.99 ಅಡಿಗೆ ನಿಂತಿತು. ಊರಿಗೆ ಕರೆಂಟಿಲ್ಲ, ಪಂಪಿನ ಮನೆಗಳು ಮುಳುಗಿ ಕುಡಿಯುವ ನೀರೂ ಇಲ್ಲ. ಕೋನಿ ಐಲ್ಯಾಂಡ್ ಸುಮಾರು 28 ಅಡಿ ನೀರಿನ ಕೆಳಗೆ ಹೋಯಿತು. ಕಟ್ಟಡಗಳು ಕಿತ್ತು ತೇಲಿದವು, ಮೆರ್ರಿ-ಗೋ-ರೌಂಡಿನ ಮರದ ಕುದುರೆಗಳೂ ಕೆಲವು ಹೊಳೆ ಪಾಲಾದವು. ಆಗಿನ ಮಾಲೀಕರು ಷಾಟ್ ಮನೆತನದವರು. ಕೈ ತೊಳೆದುಕೊಳ್ಳಬಹುದಿತ್ತು. ಅದರ ಬದಲು ಕೆಸರು ತೊಳೆದು ಆ ಬೇಸಿಗೆಗೇ ಬಾಗಿಲು ತೆರೆದರು. ಆಮೇಲಿನ ಮೂವತ್ತು ವರ್ಷ ಪಾರ್ಕಿನ ಒಳ್ಳೆಯ ಕಾಲ. ಆದರೆ 1945ರಲ್ಲಿ 69 ಅಡಿ, 1948ರಲ್ಲಿ ಮತ್ತೆ, ಹೀಗೆ ಹೊಳೆ ಬಂದು ಬಂದು ಹೋಯಿತು.

ನಡುವೆ ಹಡಗೂ ಹೋಯಿತು. ಪಾರ್ಕಿನ ಸೀಸನ್ ಮುಗಿದ ಮೇಲೆ ಐಲ್ಯಾಂಡ್ ಕ್ವೀನ್ ಬೇರೆ ಊರುಗಳಿಗೆ ಹೋಗಿ ವಿಹಾರದ ಟ್ರಿಪ್ ಹೊಡೆಯುತ್ತಿತ್ತು. 1947ರ ಸೆಪ್ಟೆಂಬರ್ 9ರಂದು ಪಿಟ್ಸ್‌ಬರ್ಗಿನ ಕಟ್ಟೆಯಲ್ಲಿ ನಿಂತಿದ್ದಾಗ ವೆಲ್ಡಿಂಗ್ ಕೆಲಸದ ಕಿಡಿ ಎಣ್ಣೆ ಟ್ಯಾಂಕಿಗೆ ತಗುಲಿ ಸ್ಫೋಟವಾಯಿತು. ಹಡಗಿನ ಸಿಬ್ಬಂದಿ 19 ಮಂದಿ ಸತ್ತರು. ಆ ಹೊತ್ತಿನಲ್ಲಿ ಪ್ರಯಾಣಿಕರು ಇರಲಿಲ್ಲ, ಇದ್ದಿದ್ದರೆ ಏನಾಗುತ್ತಿತ್ತೋ. ಅದರ ಜಾಗಕ್ಕೆ ಇನ್ನೊಂದು ಹಡಗು ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ, ಜನ ಕಾರಿನಲ್ಲಿ ಬರುತ್ತಿದ್ದರು. ನನ್ನ ಲೆಕ್ಕದಲ್ಲಿ ಪಾರ್ಕಿನ ಹಣೆಬರಹ ಬರೆದದ್ದು ಅಂದು. ಹಡಗು ಇರುವತನಕ ಹೊಳೆಯ ಅಂಚಿನಲ್ಲಿ ಇರುವುದಕ್ಕೆ ಅರ್ಥವಿತ್ತು, ನೆರೆಯ ಖರ್ಚನ್ನು ಹಡಗಿನ ಟಿಕೆಟ್ಟು ತೂಗಿಸುತ್ತಿತ್ತು. ಹಡಗು ಹೋದ ಮೇಲೆ ನೆರೆ ಮಾತ್ರ ಉಳಿಯಿತು. ಕಾರುಗಳಿಗೆ ಜಾಗ ಬೇಕು, ಜಾಗವನ್ನು ಒಂದು ಕಡೆ ಹೊಳೆ, ಒಂದು ಕಡೆ ರೇಸ್ ಮೈದಾನ, ಒಂದು ಕಡೆ ರಸ್ತೆ ಬಿಗಿಹಿಡಿದಿದ್ದವು.

1964ರ ಮಾರ್ಚಿನಲ್ಲಿ ನೀರು ಮತ್ತೆ 66 ಅಡಿ ದಾಟಿತು. ಮಾಲೀಕರ ಮನೆತನದ ಗ್ಯಾರಿ ವಾಕ್ಸ್ ಎಂಬ ತರುಣ, ಡಿಸ್ನಿಲ್ಯಾಂಡಿನಂಥ ಹೊಸ ಕಾಲದ ಪಾರ್ಕುಗಳು ಬರುತ್ತಿವೆ, ನಾವೂ ಎತ್ತರದ ವಿಶಾಲ ಜಾಗಕ್ಕೆ ಹೋಗೋಣ ಎಂದು ಹಿರಿಯರ ಹಿಂದೆ ಬಿದ್ದ. ಸಿನ್ಸಿನಾಟಿಯ ಟ್ಯಾಫ್ಟ್ ಪ್ರಸಾರ ಕಂಪನಿ 1969ರಲ್ಲಿ ಕೋನಿ ಐಲ್ಯಾಂಡನ್ನು ಕೊಂಡುಕೊಂಡಿತು, ಹೊಸ ಹೆದ್ದಾರಿಯ ಬದಿಯಲ್ಲಿ ಸುಮಾರು 1,600 ಎಕರೆ ಹಿಡಿಯಿತು. ಹಳೆಯ ಪಾರ್ಕು 1971ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಆಟದ ಯಂತ್ರಗಳನ್ನು ಬಿಚ್ಚಿ ಲಾರಿಗೆ ಹಾಕಿದರು. 1972ರ ಏಪ್ರಿಲ್ 29ರಂದು ಕಿಂಗ್ಸ್ ಐಲ್ಯಾಂಡ್ ಬಾಗಿಲು ತೆರೆಯಿತು. ಮರದ ದೊಡ್ಡ ಕೋಸ್ಟರ್ 'ಷೂಟಿಂಗ್ ಸ್ಟಾರ್' ಅನ್ನು ಸಾಗಿಸಲಾಗಲಿಲ್ಲ, ಅದನ್ನು ಅಲ್ಲೇ ಕೆಡವಿದರು.

ಲಾರಿಗೆ ಹಾಕಲಾಗದ ಇನ್ನೊಂದು ಉಳಿಯಿತು, ಸನ್‌ಲೈಟ್ ಪೂಲ್. ಅದು 1970ರ ದಶಕದಲ್ಲೇ ಮತ್ತೆ ತೆರೆಯಿತು. ಪಾರ್ಕಿನ ಒಂದು ಭಾಗದಲ್ಲಿ 1984ರಲ್ಲಿ ರಿವರ್‌ಬೆಂಡ್ ಎಂಬ ಬಯಲು ಸಂಗೀತ ಮಂದಿರ ಬಂತು. ತೊಂಬತ್ತರ ದಶಕದಲ್ಲಿ ಸಣ್ಣಪುಟ್ಟ ಆಟಗಳನ್ನೂ ಮರಳಿ ತಂದರು, 2019ರ ನಂತರ ಅವನ್ನು ಮತ್ತೆ ತೆಗೆದರು. ಹೊಳೆ ತನ್ನ ಹಳೆಯ ಚಾಳಿ ಬಿಡಲಿಲ್ಲ, 1997ರಲ್ಲಿ 64 ಅಡಿ ದಾಟಿ, 2018ರಲ್ಲಿ 60 ಅಡಿ ದಾಟಿ ಬಂದು ನೋಡಿಕೊಂಡು ಹೋಯಿತು. 2023ರ ಡಿಸೆಂಬರಿನಲ್ಲಿ ಸುದ್ದಿ ಬಂತು: ಸಿನ್ಸಿನಾಟಿ ಸಿಂಫನಿ ಆರ್ಕೆಸ್ಟ್ರಾದ ಅಂಗಸಂಸ್ಥೆಯೊಂದು ಜಾಗವನ್ನು ಕೊಂಡಿದೆ, ದೊಡ್ಡ ಸಂಗೀತ ಕೇಂದ್ರ ಕಟ್ಟುತ್ತದೆ, ಡಿಸೆಂಬರ್ 31ಕ್ಕೆ ಬಾಗಿಲು ಬಂದ್. ಕೊಳವನ್ನಾದರೂ ಉಳಿಸಿ ಎಂದು ಸಾವಿರಾರು ಜನ ಸಹಿ ಹಾಕಿದರು. ಉಳಿಯಲಿಲ್ಲ. 2024ರಲ್ಲಿ ಕೊಳವನ್ನೂ ಒಡೆದರು. ಹಾಗಾಗಿ ಪಾರ್ಕು ಮುಚ್ಚಿದ್ದು ಎರಡು ಸಲ: ಮೊದಲ ಸಲ ನೆರೆಗೆ ಹೆದರಿ, ಎರಡನೆಯ ಸಲ ಸಂಗೀತದ ಟಿಕೆಟ್ಟಿಗೆ ಈಜಿನ ಟಿಕೆಟ್ಟಿಗಿಂತ ಹೆಚ್ಚು ದುಡ್ಡು ಎಂಬ ಸರಳ ಕಾರಣಕ್ಕೆ. ಸಂಗೀತ ಕಛೇರಿ ನಡೆಯುವ ಬಯಲಿಗೆ ನೆರೆ ಬಂದರೆ ನಷ್ಟ ಕಡಿಮೆ, ಅದೂ ನಿಜ.

ಮತ್ತೆ ಹೋದಾಗ ಏನು ನೋಡಬೇಕು ಎಂದು ಕೇಳಿದ್ದೀರಿ. ಕಿಂಗ್ಸ್ ಐಲ್ಯಾಂಡಿನಲ್ಲಿ 1926ರ ಆ ಮೆರ್ರಿ-ಗೋ-ರೌಂಡು ಈಗಲೂ ತಿರುಗುತ್ತಿದೆ. ಮೊಮ್ಮಕ್ಕಳು ರೋಲರ್ ಕೋಸ್ಟರಿನ ಸಾಲಿನಲ್ಲಿ ನಿಂತಾಗ ನೀವು ಅದರ ಹತ್ತಿರ ಹೋಗಿ ಕುದುರೆಗಳ ಕೆತ್ತನೆ ನೋಡಿ. ಇಂಥ ಮೆರ್ರಿ-ಗೋ-ರೌಂಡುಗಳಲ್ಲಿ ಹೊರಸಾಲಿನ ಕುದುರೆಗಳ ಬಲಮಗ್ಗುಲಿಗೆ ಹೆಚ್ಚು ಕುಸುರಿ, ಎಡಮಗ್ಗುಲು ಸಾದಾ. ಅಮೆರಿಕದಲ್ಲಿ ಇವು ಎಡಕ್ಕೆ ತಿರುಗುವುದರಿಂದ ನಿಂತು ನೋಡುವವರಿಗೆ ಕಾಣುವುದು ಬಲಮಗ್ಗುಲು ಮಾತ್ರ, ಕಾಣದ ಕಡೆಗೆ ಕೂಲಿ ಯಾಕೆ ದಂಡ ಎಂದು ಕೆತ್ತುವವರ ಯೋಚನೆ. ಒಂದು ದಿನ ಕಾರಿನಲ್ಲಿ ಪೇಟೆಗೆ ಹೋಗಿ ಸ್ಮೇಲ್ ಪಾರ್ಕಿನ ಪ್ರತಿಮೆ ನೋಡಿ, ಸೇತುವೆ ದಾಟಿ ಬೆಲ್‌ವ್ಯೂಗೆ ಹೋಗಿ. ಅಲ್ಲಿ ದಂಡೆಯ ಮೇಲೆ 'ಬೆಲ್‌ವ್ಯೂ ಬೀಚ್ ಪಾರ್ಕ್' ಇದೆ, ಹುಲ್ಲಿನ ಮೇಲೆ ಕೂತರೆ ಎದುರಿಗೆ ಇಡೀ ಊರು ಕಾಣುತ್ತದೆ. ಬೀಚು ಹೆಸರಿನಲ್ಲಿ ಮಾತ್ರ ಉಳಿದಿದೆ, ಹಳೆಯ ಮರಳು ಹಿನ್ನೀರಿನ ಕೆಳಗಿದೆ.

ಹೊಳೆಗೆ ಇಳಿಯುವ ಮಾತು. 1948ಕ್ಕಿಂತ ನೀರು ಎಷ್ಟೋ ಚೊಕ್ಕಟ, ದೋಣಿ ಹುಟ್ಟು ಹಾಕುವವರು, ಮೀನು ಹಿಡಿಯುವವರು ದಿನವೂ ಇರುತ್ತಾರೆ. ಆದರೆ ಸಿನ್ಸಿನಾಟಿಯ ಹಳೆಯ ಬಡಾವಣೆಗಳಲ್ಲಿ ಮಳೆನೀರು ಮತ್ತು ಕೊಳಚೆ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆಯಾದರೆ ಆ ಕೊಳವೆಗಳು ತುಂಬಿ ಹೊಳೆಗೇ ಉಕ್ಕುತ್ತವೆ. ಮಳೆ ಬಂದ ಎರಡು ಮೂರು ದಿನ ಕಾಲೂ ಅದ್ದಬೇಡಿ. ಬೇರೆ ದಿನಗಳಲ್ಲೂ ಮೊಮ್ಮಕ್ಕಳನ್ನು ಇಳಿಸಬೇಡಿ, ಅಣೆಕಟ್ಟಿನ ಹಿನ್ನೀರು ನಿಂತಂತೆ ಕಂಡರೂ ದಡದಿಂದ ಕೆಲವೇ ಹೆಜ್ಜೆಗೆ ಆಳ ಸಿಗುತ್ತದೆ, ಬಾರ್ಜು ಹಾದುಹೋದಾಗ ಎಳೆತ ಜೋರಿರುತ್ತದೆ. ಈಜಲೇಬೇಕೆಂದರೆ ಕಿಂಗ್ಸ್ ಐಲ್ಯಾಂಡಿನೊಳಗೇ ವಾಟರ್ ಪಾರ್ಕ್ ಇದೆ, ಮಗಳಿಗೆ ಹೇಳಿ ಅಲ್ಲಿಗೇ ಹೋಗಿ.